ವಾಲ್ವ್ ಪೆಡಲಿಗೆ ಎಷ್ಟು ಕರೆಂಟು ಬೇಕು: ಹೀಟರಿನಿಂದ ಅಡಾಪ್ಟರಿನವರೆಗೆ ಲೆಕ್ಕ ಹಾಕುವ ಕ್ರಮ

ಕಾಸರಗೋಡು, ಕುಂಬಳೆ, ಉಪ್ಪಳ, ಬದಿಯಡ್ಕದ ಕಡೆ ಗಾನಮೇಳದಲ್ಲೋ ಕಾಲೇಜು ಬ್ಯಾಂಡಿನಲ್ಲೋ ಗಿಟಾರ್ ನುಡಿಸುತ್ತಾ, ವಾಲ್ವ್ (ಗಾಜಿನ ನಿರ್ವಾತ ನಳಿಕೆ) ಇರುವ ಪೆಡಲನ್ನು (ಗಿಟಾರಿನ ನಾದವನ್ನು ಮಾರ್ಪಡಿಸುವ, ಕಾಲಿನಿಂದ ಒತ್ತುವ ಪೆಟ್ಟಿಗೆಯನ್ನು) ತಾವೇ ಕಟ್ಟಲು ಹೊರಟವರಿಂದ ಬರುವ ದೂರುಗಳು ಹೆಚ್ಚುಕಡಿಮೆ ಒಂದೇ ಬಗೆಯವು. ಪೆಡಲ್ ಹೊತ್ತಿಕೊಳ್ಳುತ್ತದೆ, ಆದರೆ ನಾದ ತೆಳುವಾಗಿದೆ. ಅಡಾಪ್ಟರ್ ಕೈ ಇಡಲಾಗದಷ್ಟು ಬಿಸಿಯಾಗುತ್ತದೆ. ಮನೆಯಲ್ಲಿ ಸರಿಯಿದ್ದದ್ದು ವೇದಿಕೆಯಲ್ಲಿ ಗುಂಯ್‌ಗುಡುತ್ತದೆ. ಇಂಥ ಸಂದರ್ಭದಲ್ಲಿ ಎಲ್ಲರೂ ಸರ್ಕ್ಯೂಟಿನ ಬೆಸುಗೆಗಳನ್ನು ಮತ್ತೆ ಮತ್ತೆ ಪರೀಕ್ಷಿಸುತ್ತಾರೆ, ವಾಲ್ವನ್ನೇ ಬದಲಿಸುತ್ತಾರೆ. ತಪ್ಪು ಇರುವುದು ಸಾಮಾನ್ಯವಾಗಿ ವಿದ್ಯುತ್ ಪೂರೈಕೆಯ ಲೆಕ್ಕದಲ್ಲಿ, ಅದರಲ್ಲೂ ಆ ಲೆಕ್ಕವನ್ನು ಆರಂಭಿಸಿದ ಕಡೆಯಲ್ಲಿ. ಕೈಯಲ್ಲಿರುವ ಅಡಾಪ್ಟರಿನ ಮೇಲೆ ಬರೆದ ಅಂಕಿಯಿಂದ ಹೊರಟು ಪೆಡಲಿನ ಒಳಗೆ ಹೋದರೆ ಲೆಕ್ಕ ಕೂಡುವುದಿಲ್ಲ. ವಾಲ್ವಿನ ಹೀಟರಿನಿಂದ ಹೊರಟು ಒಂದೊಂದನ್ನೇ ಕೂಡಿಸುತ್ತಾ ಹೊರಗೆ ಬರಬೇಕು. ಅಡಾಪ್ಟರನ್ನು ಆಯ್ಕೆ ಮಾಡುವುದು ಬಹುತೇಕ ಕಡೆಯ ಕೆಲಸ.

ಇನ್ನೊಂದು ಮಾತನ್ನು ಮೊದಲೇ ಹೇಳಬೇಕು. 12 ವೋಲ್ಟಿನ ಅಡಾಪ್ಟರಿನಿಂದ ನಡೆಯುವ ಪೆಡಲಿನ ಒಳಗೂ 200ರಿಂದ 300 ವೋಲ್ಟ್ ಇರಬಹುದು. ಅಡಾಪ್ಟರ್ ತೆಗೆದ ಮೇಲೂ ಆ ವೋಲ್ಟೇಜು ಕೆಪಾಸಿಟರುಗಳಲ್ಲಿ ಉಳಿದಿರುತ್ತದೆ. ಮುಚ್ಚಳ ತೆರೆದಾಗಲೆಲ್ಲ ಮೊದಲು ಮೀಟರಿನಿಂದ ನೋಡಿ, 10 ವೋಲ್ಟಿಗಿಂತ ಕೆಳಗೆ ಇಳಿದಿದೆಯೆಂದು ಖಚಿತವಾದ ಮೇಲಷ್ಟೇ ಒಳಗೆ ಕೈ ಹಾಕಬೇಕು. ಮನೆಯ 230 ವೋಲ್ಟ್ ಲೈನನ್ನು ನೇರವಾಗಿ ಪೆಡಲಿನ ಒಳಕ್ಕೆ ತರುವ ನಕ್ಷೆಗಳನ್ನು ಹೊಸಬರು ಕಟ್ಟಲೇಬಾರದು.

ಬೇಕಾಗುವ ಸಲಕರಣೆ

ಕನಿಷ್ಠ 600 ವೋಲ್ಟ್ ಅಳೆಯಬಲ್ಲ, ಒಳ್ಳೆಯ ಪ್ರೋಬುಗಳಿರುವ ಡಿಜಿಟಲ್ ಮಲ್ಟಿಮೀಟರ್, 1 ಓಮಿನ 1 ವ್ಯಾಟ್ ರೆಸಿಸ್ಟರ್ ಒಂದು, ವಾಲ್ವಿನ ಡೇಟಾಶೀಟ್, ಸರ್ಕ್ಯೂಟಿನ ನಕ್ಷೆ, ಕಾಗದ ಮತ್ತು ಕ್ಯಾಲ್ಕುಲೇಟರ್ ಇದ್ದರೆ ಲೆಕ್ಕಕ್ಕೆ ಸಾಕು. ಮೀಟರಿನ ಎರಡು ಪ್ರೋಬುಗಳಲ್ಲಿ ಒಂದಕ್ಕೆ ಮೊಸಳೆ ಕ್ಲಿಪ್ ಸಿಕ್ಕಿಸಿ ಗ್ರೌಂಡಿಗೆ ಕಚ್ಚಿಸಿಟ್ಟರೆ ಒಂದೇ ಕೈಯಲ್ಲಿ ಅಳೆಯಬಹುದು. ಇನ್ನೊಂದು ಕೈ ಪೆಟ್ಟಿಗೆಯಿಂದ ದೂರವಿರಲಿ.

ಹಂತ 1: ಹೀಟರಿನ ಅಗತ್ಯವನ್ನು ಬರೆದುಕೊಳ್ಳಿ

ಪೆಡಲಿನಲ್ಲಿ ಅತಿ ಹೆಚ್ಚು ಕರೆಂಟು ಎಳೆಯುವುದು ನಾದವನ್ನು ಹಿಗ್ಗಿಸುವ ಭಾಗವಲ್ಲ, ಎಲೆಕ್ಟ್ರಾನುಗಳನ್ನು ಹೊರಸೂಸುವ ಕ್ಯಾಥೋಡನ್ನು ಕಾಯಿಸುವ ಹೀಟರ್. ಆದುದರಿಂದ ಕಾಗದದ ಮೊದಲ ಸಾಲು ಅದರದ್ದೇ ಆಗಿರಬೇಕು.

12ಎಎಕ್ಸ್7, 12ಎಟಿ7, 12ಎಯು7 ಈ ಮೂರರ ಹೀಟರುಗಳೂ ಒಂದೇ ಬಗೆಯವು. ಒಳಗೆ ಎರಡು ಅರ್ಧಗಳಿದ್ದು, 4 ಮತ್ತು 5ನೆಯ ಪಿನ್ನುಗಳು ಎರಡು ತುದಿಗಳು, 9ನೆಯದು ನಡುವಿನದು. 4 ಮತ್ತು 5ರ ನಡುವೆ ಕೊಟ್ಟರೆ 12.6 ವೋಲ್ಟಿಗೆ 150 ಮಿಲಿಆಂಪಿಯರ್ ಬೇಕು. 4 ಮತ್ತು 5ನ್ನು ಸೇರಿಸಿ, ಆ ಜೋಡಿಗೂ 9ಕ್ಕೂ ನಡುವೆ ಕೊಟ್ಟರೆ 6.3 ವೋಲ್ಟಿಗೆ 300 ಮಿಲಿಆಂಪಿಯರ್ ಬೇಕು. ಎರಡೂ ರೀತಿಯಲ್ಲಿ ಶಕ್ತಿ 1.9 ವ್ಯಾಟಿನಷ್ಟೇ. ಇಎಫ್86ಕ್ಕೆ 6.3 ವೋಲ್ಟಿನಲ್ಲಿ 200 ಮಿಲಿಆಂಪಿಯರ್ ಸಾಕು. ಇಸಿಸಿ88ಕ್ಕೆ 365 ಮಿಲಿಆಂಪಿಯರ್ ಬೇಕು, ಅದಕ್ಕೆ 12.6 ವೋಲ್ಟಿನ ಜೋಡಣೆಯೂ ಇಲ್ಲ. ನ್ಯೂಟ್ಯೂಬ್ ಎಂಬ ಪುಟ್ಟ ಚಪ್ಪಟೆ ವಾಲ್ವ್ ಬಳಸುವ ಪೆಡಲುಗಳ ಮಾತೇ ಬೇರೆ. ಅದರ ಒಂದೊಂದು ಫಿಲಮೆಂಟಿಗೆ 0.7 ವೋಲ್ಟಿನಲ್ಲಿ 17 ಮಿಲಿಆಂಪಿಯರ್ ಮಾತ್ರ ಬೇಕಾಗುವುದರಿಂದ ಮುಂದೆ ಹೇಳುವ ತಾಪತ್ರಯಗಳಲ್ಲಿ ಹೆಚ್ಚಿನವು ಅಲ್ಲಿಲ್ಲ.

ಹೀಟರ್ ವೋಲ್ಟೇಜು ನಮೂದಿಸಿದ ಬೆಲೆಗಿಂತ ಶೇಕಡಾ 10ರಷ್ಟು ಆಚೀಚೆ ಇರಬಹುದು. ಅಂದರೆ 12.6ಕ್ಕೆ 11.3ರಿಂದ 13.9 ವೋಲ್ಟ್, 6.3ಕ್ಕೆ 5.7ರಿಂದ 6.9 ವೋಲ್ಟ್. 12 ವೋಲ್ಟಿನ ನಿಯಂತ್ರಿತ ಡಿಸಿ ಅಡಾಪ್ಟರಿನಿಂದ ಹೀಟರಿಗೆ ನೇರ ಕೊಡಬಹುದೇ ಎಂಬ ಪ್ರಶ್ನೆಗೆ ಉತ್ತರ ಇಲ್ಲೇ ಇದೆ: ಕೊಡಬಹುದು.

ಇದೇ ಮಾತನ್ನು 9 ವೋಲ್ಟಿನ ಅಡಾಪ್ಟರಿಗೆ ಹೇಳುವಂತಿಲ್ಲ. 4 ಮತ್ತು 5ರ ನಡುವೆ 9 ವೋಲ್ಟ್ ಕೊಟ್ಟರೆ ಹೀಟರಿಗೆ ಬೇಕಾದುದರ ಶೇಕಡಾ 71 ಮಾತ್ರ ಸಿಗುತ್ತದೆ. ವಾಲ್ವ್ ಮಂಕಾಗಿ ಉರಿದು ನಾದ ಸೊರಗುತ್ತದೆ. 6.3 ವೋಲ್ಟಿನ ಜೋಡಣೆಗೆ 9 ವೋಲ್ಟನ್ನು ನೇರ ಕೊಟ್ಟರೆ ಅದು ಶೇಕಡಾ 143 ಆಗಿ ಹೀಟರನ್ನು ಹಾಳುಮಾಡುತ್ತದೆ. 9 ವೋಲ್ಟ್ ಮಾತ್ರ ಲಭ್ಯವಿದ್ದರೆ ಎಲ್‌ಎಂ317 ರೆಗ್ಯುಲೇಟರ್ ಬಳಸಿ 6.3 ವೋಲ್ಟಿಗೆ ಇಳಿಸಿ, 300 ಮಿಲಿಆಂಪಿಯರ್ ಎಂದು ಲೆಕ್ಕಕ್ಕೆ ಹಿಡಿಯಬೇಕು. ರೆಗ್ಯುಲೇಟರಿನಲ್ಲಿ ಆಗ 2.7 ವೋಲ್ಟ್ ಗುಣಿಸು 0.3 ಆಂಪಿಯರ್, ಅಂದರೆ 0.8 ವ್ಯಾಟ್ ಶಾಖ ಹುಟ್ಟುತ್ತದೆ. ಅದನ್ನು ಅಲ್ಯುಮಿನಿಯಂ ಪೆಟ್ಟಿಗೆಗೆ ಬಿಗಿಯಬೇಕಾಗುತ್ತದೆ, ಮೈಕಾ ಹಾಳೆ ಮತ್ತು ಪ್ಲಾಸ್ಟಿಕ್ ಬುಶ್ ಇಟ್ಟೇ ಬಿಗಿಯಬೇಕು: ಎಲ್‌ಎಂ317ರ ಲೋಹದ ಬೆನ್ನು ಅದರ ಔಟ್‌ಪುಟ್ಟಿಗೆ ಸೇರಿದ್ದು, ಗ್ರೌಂಡಿಗಲ್ಲ. 12 ವೋಲ್ಟಿನ ರೆಗ್ಯುಲೇಟರಾದ 7812ರ ಬೆನ್ನು ಗ್ರೌಂಡ್ ಆಗಿರುವುದರಿಂದ ಆ ಅಭ್ಯಾಸದ ಮೇಲೆ 317ನ್ನೂ ಹಾಗೆಯೇ ಬಿಗಿದು ಶಾರ್ಟ್ ಮಾಡಿಕೊಳ್ಳುವವರು ಹಲವರು.

ಹಂತ 2: ಎರಡು ವಾಲ್ವ್ ಇದ್ದರೆ ಜೋಡಣೆಯನ್ನು ನಿರ್ಧರಿಸಿ

ಸಮಾಂತರವಾಗಿ ಜೋಡಿಸಿದ ಹೀಟರುಗಳ ಕರೆಂಟನ್ನು ಕೂಡಿಸಬೇಕು; ಸರಣಿಯಲ್ಲಿ ಜೋಡಿಸಿದವುಗಳ ವೋಲ್ಟೇಜನ್ನು ಕೂಡಿಸಬೇಕು. 12 ವೋಲ್ಟಿನ ಸಮಾಂತರ ಜೋಡಣೆಯಲ್ಲಿ ಎರಡು 12ಎಎಕ್ಸ್7ಗಳಿಗೆ 300 ಮಿಲಿಆಂಪಿಯರ್ ಆಗುತ್ತದೆ. ಬೇರೆ ಬೇರೆ ಕರೆಂಟು ಬೇಡುವ ವಾಲ್ವುಗಳನ್ನು ಸರಣಿಯಲ್ಲಿ ಕಟ್ಟಬಾರದು. 300 ಮಿಲಿಆಂಪಿಯರಿನ ಹೀಟರನ್ನು 365 ಮಿಲಿಆಂಪಿಯರಿನದ್ದರ ಜೊತೆ ಸರಣಿಗೆ ಇಟ್ಟರೆ ಮೊದಲನೆಯದಕ್ಕೆ ಹೆಚ್ಚು ವೋಲ್ಟೇಜು, ಎರಡನೆಯದಕ್ಕೆ ಕಡಿಮೆ ವೋಲ್ಟೇಜು ಬಂದು ಎರಡೂ ಕೆಡುತ್ತವೆ.

ಹಂತ 3: ಪ್ಲೇಟ್ ಕರೆಂಟನ್ನು ಅಂದಾಜಿಸಿ

ಪ್ಲೇಟಿಗೆ (ಕ್ಯಾಥೋಡಿನಿಂದ ಬರುವ ಎಲೆಕ್ಟ್ರಾನುಗಳನ್ನು ಸೆಳೆಯುವ ಭಾಗಕ್ಕೆ) 9ರಿಂದ 48 ವೋಲ್ಟ್ ಮಾತ್ರ ಕೊಡುವ ಪೆಡಲುಗಳಲ್ಲಿ ಈ ಭಾಗ ಒಂದು ಮಿಲಿಆಂಪಿಯರಿನ ಆಸುಪಾಸಿನಲ್ಲೇ ಮುಗಿಯುತ್ತದೆ. ಅಂಥವರು ನೇರವಾಗಿ ಹಂತ 5ಕ್ಕೆ ಹೋಗಬಹುದು. ಮುಂದಿನದು ಎತ್ತರದ ವೋಲ್ಟೇಜು ಬಳಸುವವರಿಗೆ.

ನಕ್ಷೆಯಲ್ಲಿ ಒಂದು ಟ್ರಯೋಡಿನ (ವಾಲ್ವಿನೊಳಗೆ ನಾದ ಹಿಗ್ಗಿಸುವ ಘಟಕ, 12ಎಎಕ್ಸ್7ರಲ್ಲಿ ಇಂಥವು ಎರಡು) ಪ್ಲೇಟ್ ರೆಸಿಸ್ಟರನ್ನೂ ಕ್ಯಾಥೋಡ್ ರೆಸಿಸ್ಟರನ್ನೂ ನೋಡಿ. 250 ವೋಲ್ಟ್ ಪೂರೈಕೆ, 100 ಕಿಲೋಓಮ್ ಪ್ಲೇಟಿಗೆ, 1.5 ಕಿಲೋಓಮ್ ಕ್ಯಾಥೋಡಿಗೆ ಇರುವ 12ಎಎಕ್ಸ್7ರ ಒಂದು ಟ್ರಯೋಡ್ ಸುಮಾರು 1 ಮಿಲಿಆಂಪಿಯರ್ ಎಳೆಯುತ್ತದೆ. ವಾಲ್ವ್ ಪೂರ್ತಿ ತೆರೆದುಕೊಂಡರೂ ಆ ಎರಡು ರೆಸಿಸ್ಟರುಗಳು ಬಿಡುವುದಕ್ಕಿಂತ ಹೆಚ್ಚು ಕರೆಂಟು ಹರಿಯಲಾರದು: 250 ಭಾಗಿಸು 1,01,500 ಎಂದರೆ 2.5 ಮಿಲಿಆಂಪಿಯರಿಗಿಂತ ತುಸು ಕಡಿಮೆ. ಈ ಮೇಲ್ಮಿತಿಯನ್ನೂ ಕಾಗದದಲ್ಲಿ ಬರೆದಿಟ್ಟುಕೊಳ್ಳಿ; ವಾಲ್ವಿನ ತಯಾರಿ ಬದಲಾದರೂ ಅದು ಬದಲಾಗುವುದಿಲ್ಲ. 12ಎಯು7 ಇದೇ ಸಾಕೆಟ್ಟಿಗೆ ಕೂರುತ್ತದೆಯೆಂದು ಅದನ್ನು ಹಾಕಿ ನೋಡುವ ರೂಢಿಯಿದೆ. ಹೀಟರಿನ ಲೆಕ್ಕ ಆಗ ಬದಲಾಗದು, ಆದರೆ ಪ್ಲೇಟ್ ಕರೆಂಟು ಏರುತ್ತದೆ.

ಎತ್ತರದ ವೋಲ್ಟೇಜಿಗೆ ಅಡ್ಡಲಾಗಿ ಕೂರಿಸುವ ಬ್ಲೀಡರ್ ರೆಸಿಸ್ಟರನ್ನು ಮರೆಯಬಾರದು. ಪೆಡಲ್ ಆರಿಸಿದ ಮೇಲೆ ಕೆಪಾಸಿಟರನ್ನು ಬರಿದುಮಾಡುವುದು ಅದೇ. 10 ಮೈಕ್ರೋಫ್ಯಾರಡಿಗೆ 1 ಮೆಗಾಓಮ್ ಇಟ್ಟರೆ ಸುಮಾರು 50 ಸೆಕೆಂಡಿನಲ್ಲಿ ವೋಲ್ಟೇಜು ಅಪಾಯವಿಲ್ಲದ ಮಟ್ಟಕ್ಕೆ ಇಳಿಯುತ್ತದೆ, ಎಳೆಯುವುದು 0.25 ಮಿಲಿಆಂಪಿಯರ್ ಮಾತ್ರ. 220 ಕಿಲೋಓಮ್ ಇಟ್ಟರೆ 11 ಸೆಕೆಂಡು ಸಾಕು, ಆದರೆ ಅದು 1.1 ಮಿಲಿಆಂಪಿಯರ್ ಎಳೆದು ಒಂದು ಟ್ರಯೋಡಿನಷ್ಟು ಭಾರ ಹೊರಿಸುತ್ತದೆ. ಸಾಮಾನ್ಯ ಕಾಲು ವ್ಯಾಟಿನ ರೆಸಿಸ್ಟರುಗಳು ತಡೆಯುವುದು 250 ವೋಲ್ಟನ್ನಷ್ಟೇ ಆದುದರಿಂದ, 470 ಕಿಲೋಓಮಿನ ಎರಡನ್ನು ಸರಣಿಯಲ್ಲಿ ಇಡುವುದು ಒಳ್ಳೆಯದು.

ಹಂತ 4: ಎತ್ತರದ ವೋಲ್ಟೇಜಿನ ಭಾರವನ್ನು ಅಡಾಪ್ಟರಿನ ಕಡೆಗೆ ತಿರುಗಿಸಿ

ಹೆಚ್ಚಿನವರ ಲೆಕ್ಕ ಮುರಿಯುವುದು ಇಲ್ಲಿ. 2.5 ಮಿಲಿಆಂಪಿಯರ್ ಎಂಬ ಅಂಕಿ 250 ವೋಲ್ಟಿನ ಬದಿಯದು. ಅದನ್ನು ಹಾಗೆಯೇ 12 ವೋಲ್ಟಿನ ಮೊತ್ತಕ್ಕೆ ಸೇರಿಸಿದರೆ ಅಗತ್ಯ ಮೂವತ್ತು ಪಟ್ಟು ಕಡಿಮೆ ಕಾಣಿಸುತ್ತದೆ.

ಸರಿಯಾದ ಕ್ರಮ ಹೀಗೆ: ಎತ್ತರದ ವೋಲ್ಟೇಜನ್ನು ಅಲ್ಲಿಯ ಕರೆಂಟಿನಿಂದ ಗುಣಿಸಿ, ಪರಿವರ್ತಕದ (12 ವೋಲ್ಟನ್ನು ಎತ್ತರದ ವೋಲ್ಟೇಜಿಗೆ ಏರಿಸುವ ಭಾಗದ) ದಕ್ಷತೆಯಿಂದ ಭಾಗಿಸಿ, ಬಂದುದನ್ನು ಅಡಾಪ್ಟರಿನ ವೋಲ್ಟೇಜಿನಿಂದ ಭಾಗಿಸಬೇಕು. ಒಂದೇ 12ಎಎಕ್ಸ್7 ಇರುವ ಪೆಡಲಿನಲ್ಲಿ ಅದರ ಎರಡು ಟ್ರಯೋಡಿಗೆ 2 ಮಿಲಿಆಂಪಿಯರ್, ಬ್ಲೀಡರಿಗೂ ಪರಿವರ್ತಕದ ಫೀಡ್‌ಬ್ಯಾಕ್ ರೆಸಿಸ್ಟರುಗಳಿಗೂ ಸೇರಿ 0.5 ಎಂದು ಇಟ್ಟುಕೊಳ್ಳೋಣ. 250 ಗುಣಿಸು 0.0025 ಎಂದರೆ 0.625 ವ್ಯಾಟ್. ದಕ್ಷತೆ ಶೇಕಡಾ 70 ಎಂದುಕೊಂಡರೆ 0.89 ವ್ಯಾಟ್. 12ರಿಂದ ಭಾಗಿಸಿದರೆ 74 ಮಿಲಿಆಂಪಿಯರ್.

ನಿಕ್ಸಿ ಗಡಿಯಾರಗಳಿಗೆಂದು ಮಾರುವ ಮಾಡ್ಯೂಲುಗಳನ್ನೋ ಮ್ಯಾಕ್ಸ್1771 ಚಿಪ್ ಬಳಸಿ ಕಟ್ಟಿದ ಪರಿವರ್ತಕವನ್ನೋ ಬಳಸುವಾಗ ಜಾಹೀರಾತಿನಲ್ಲಿ ಕಾಣುವ ದಕ್ಷತೆ ಪೂರ್ತಿ ಭಾರದ ಸ್ಥಿತಿಯದು. ಪೆಡಲಿನ ಪುಟ್ಟ ಭಾರಕ್ಕೆ ಅದು ಕುಗ್ಗುತ್ತದೆ. ದಕ್ಷತೆ ಗೊತ್ತಿಲ್ಲದಿದ್ದರೆ ಶೇಕಡಾ 60 ಎಂದು ಹಿಡಿಯುವುದೇ ಕ್ಷೇಮ.

ಹಂತ 5: ಉಳಿದ ಸಣ್ಣ ಭಾರಗಳು

ಟಿಎಲ್072 ಆಪ್‌ಆಂಪಿಗೆ 3ರಿಂದ 5 ಮಿಲಿಆಂಪಿಯರ್, ಎಲ್‌ಇಡಿಗೆ 5, ಬೈಪಾಸಿಗೆ 12 ವೋಲ್ಟಿನ ಸಣ್ಣ ರಿಲೇ ಇದ್ದರೆ ಸುಮಾರು 12 ಎಂದು ಬರೆದು ಮುಂದುವರಿಯಿರಿ. ನಮ್ಮ ಉದಾಹರಣೆಯಲ್ಲಿ ಮೊತ್ತ 150, 74, 20 ಸೇರಿ 244 ಮಿಲಿಆಂಪಿಯರ್ ಆಯಿತು.

ಹಂತ 6: ತಣ್ಣಗಿರುವ ಹೀಟರಿನ ಹಸಿವನ್ನು ಲೆಕ್ಕಕ್ಕೆ ತನ್ನಿ

244ಕ್ಕೆ ಮುಂಜಾಗ್ರತೆಗಾಗಿ ಅದರ ಅರ್ಧದಷ್ಟು ಸೇರಿಸಿದರೆ 366. ಹಾಗಾಗಿ 500 ಮಿಲಿಆಂಪಿಯರಿನ ಅಡಾಪ್ಟರ್ ಸಾಕೆಂದು ಕಾಣುತ್ತದೆ. ಆದರೆ ಹೊತ್ತಿಸಿದ ಮೊದಲ ಕ್ಷಣಗಳಲ್ಲಿ ಸಾಕಾಗದೆ ಹೋಗಬಹುದು. ಉರಿಯುತ್ತಿರುವಾಗ 12ಎಎಕ್ಸ್7ರ ಹೀಟರಿನ ರೋಧ 12.6 ಭಾಗಿಸು 0.15, ಅಂದರೆ 84 ಓಮ್. ತಣ್ಣಗಿರುವಾಗ 4 ಮತ್ತು 5ನೆಯ ಪಿನ್ನುಗಳ ನಡುವೆ ಮೀಟರ್ ಇಟ್ಟು ನೋಡಿದರೆ ಅದರ ಐದರಲ್ಲೊಂದು ಪಾಲೋ ಇನ್ನೂ ಕಡಿಮೆಯೋ ಸಿಗುತ್ತದೆ. ಆದುದರಿಂದ ಬಿಸಿಯೇರುವ ತನಕ ಒಂದೇ ವಾಲ್ವ್ 700 ಮಿಲಿಆಂಪಿಯರಿಗೂ ಹೆಚ್ಚು ಎಳೆಯಬಲ್ಲದು.

ಕಬ್ಬಿಣದ ಟ್ರಾನ್ಸ್‌ಫಾರ್ಮರ್ ಇರುವ ಭಾರವಾದ ಅಡಾಪ್ಟರ್ ಇದನ್ನು ಸಹಿಸಿಕೊಳ್ಳುತ್ತದೆ. ವೋಲ್ಟೇಜು ಸ್ವಲ್ಪ ಕುಸಿದು ಮತ್ತೆ ಏರುತ್ತದೆ. ಹಗುರವಾದ ಎಸ್‌ಎಂಪಿಎಸ್ (ಸ್ವಿಚಿಂಗ್ ಬಗೆಯ) ಅಡಾಪ್ಟರ್ ತನ್ನ ಮಿತಿ ಮೀರಿದೊಡನೆ ಆರಿಕೊಂಡು, ಮತ್ತೆ ಯತ್ನಿಸಿ, ಮತ್ತೆ ಆರಿಕೊಳ್ಳುತ್ತದೆ. ಎಲ್‌ಇಡಿ ಮಿಣುಕುತ್ತಾ ಪೆಡಲ್ ಹೊತ್ತಿಕೊಳ್ಳದೆ ಇದ್ದರೆ ಕಾರಣ ಬಹುಮಟ್ಟಿಗೆ ಇದೇ. ಅಡಾಪ್ಟರ್ ಹಾಳಾಗಿದೆಯೆಂದು ಎಸೆಯಬೇಡಿ. ಒಂದು ವಾಲ್ವಿಗೆ 12 ವೋಲ್ಟ್ 1 ಆಂಪಿಯರ್, ಎರಡಕ್ಕೆ 2 ಆಂಪಿಯರಿನದನ್ನು ತಂದರೆ ಈ ತೊಂದರೆ ಇರುವುದಿಲ್ಲ. ಹೆಚ್ಚು ಆಂಪಿಯರಿನ ಅಡಾಪ್ಟರ್ ಪೆಡಲಿಗೆ ಬಲವಂತವಾಗಿ ಕರೆಂಟು ತುಂಬುವುದಿಲ್ಲ. ಪೆಡಲ್ ತನಗೆ ಬೇಕಾದಷ್ಟನ್ನೇ ಎಳೆಯುತ್ತದೆ. ಹೊಂದಲೇಬೇಕಾದುದು ವೋಲ್ಟೇಜು.

ಹಂತ 7: ಎಸಿಯೋ ಡಿಸಿಯೋ

ಕೆಲವು ಪೆಡಲುಗಳು 12 ವೋಲ್ಟ್ ಎಸಿ ಬೇಡುತ್ತವೆ. ಹೀಟರಿಗೆ ಎಸಿಯನ್ನು ನೇರ ಕೊಟ್ಟು, ಡಯೋಡು-ಕೆಪಾಸಿಟರುಗಳ ಏಣಿಯಿಂದ ಎತ್ತರದ ವೋಲ್ಟೇಜು ಮಾಡಿಕೊಳ್ಳುವ ನಕ್ಷೆಗಳವು. ಡಿಸಿ ಪೆಡಲಿಗೆ ಎಸಿ ಅಡಾಪ್ಟರ್ ಚುಚ್ಚಿದರೆ ಎಲೆಕ್ಟ್ರೋಲಿಟಿಕ್ ಕೆಪಾಸಿಟರುಗಳು ಸಿಡಿಯಬಹುದು. ಎರಡರ ಪಿನ್ನೂ ಒಂದೇ ಅಳತೆಯದ್ದಾಗಿರುವುದರಿಂದ ಈ ಅನಾಹುತ ತೀರ ಸುಲಭ.

ಎಸಿಯ ಲೆಕ್ಕದಲ್ಲಿ ಒಂದು ವ್ಯತ್ಯಾಸವಿದೆ. ಬ್ರಿಡ್ಜ್ (ಎಸಿಯನ್ನು ಡಿಸಿ ಮಾಡುವ ನಾಲ್ಕು ಡಯೋಡುಗಳ ಜೋಡಣೆ) ಮತ್ತು ಕೆಪಾಸಿಟರ್ ಮೂಲಕ ಡಿಸಿ ಆಗುವ ಭಾಗ ಅಲೆಯ ತುದಿಯಲ್ಲಷ್ಟೇ ಕರೆಂಟು ಎಳೆಯುವುದರಿಂದ, ಆ ಡಿಸಿ ಕರೆಂಟನ್ನು 1.8ರಿಂದ ಗುಣಿಸಿ ಟ್ರಾನ್ಸ್‌ಫಾರ್ಮರಿನ ಲೆಕ್ಕಕ್ಕೆ ಹಾಕಬೇಕು. ಡಿಸಿ ಭಾಗ 100 ಮಿಲಿಆಂಪಿಯರ್ ಆದರೆ ಟ್ರಾನ್ಸ್‌ಫಾರ್ಮರಿಗೆ ಅದು 180. ನೇರ ಎಸಿಯಲ್ಲಿರುವ ಹೀಟರಿನ 150 ಸೇರಿ 330.

ಗುಂಯ್‌ಗುಡುವಿಕೆ ತಪ್ಪಿಸಲು 12 ವೋಲ್ಟ್ ಎಸಿಯನ್ನೇ ಡಿಸಿ ಮಾಡಿ, 7812ರ ಗ್ರೌಂಡ್ ಕಾಲಿಗೆ ಒಂದು ಡಯೋಡ್ ಇಟ್ಟು, ಹೀಟರಿಗೆ 12.6 ವೋಲ್ಟ್ ಕೊಡುವ ಉಪಾಯ ಎಲ್ಲರ ಬಾಯಲ್ಲೂ ಇದೆ. ಉಪಾಯ ಸರಿ, ಆದರೆ ನಮ್ಮ ಕಡೆ ಸಂಜೆಯ ಹೊತ್ತು ಅದು ಕೈಕೊಡುತ್ತದೆ. ಲೆಕ್ಕ ನೋಡಿ: 12 ವೋಲ್ಟ್ ಎಸಿಯ ತುದಿ 17 ವೋಲ್ಟ್; ಬ್ರಿಡ್ಜಿನ ಎರಡು ಡಯೋಡುಗಳಿಗೆ 1.4 ಕಳೆದರೆ 15.5. ನಮ್ಮ 50 ಹರ್ಟ್ಸ್ ಲೈನಿನಲ್ಲಿ ಕೆಪಾಸಿಟರ್ ಸೆಕೆಂಡಿಗೆ 100 ಸಲ ತುಂಬುತ್ತದೆ. ಕರೆಂಟನ್ನು 100ರಿಂದಲೂ ಕೆಪಾಸಿಟರಿನ ಫ್ಯಾರಡ್ ಬೆಲೆಯಿಂದಲೂ ಭಾಗಿಸಿದರೆ ಏರಿಳಿತ ಸಿಗುತ್ತದೆ. 150 ಮಿಲಿಆಂಪಿಯರಿಗೆ 1000 ಮೈಕ್ರೋಫ್ಯಾರಡ್ ಇಟ್ಟರೆ 1.5 ವೋಲ್ಟ್, ತಳ 14.0. ರೆಗ್ಯುಲೇಟರಿಗೆ ಕೆಲಸ ಮಾಡಲು 12.6ಕ್ಕಿಂತ 2 ವೋಲ್ಟ್ ಮೇಲೆ, ಅಂದರೆ 14.6 ಬೇಕು. ಅದು ಸಿಗದೆ ಏರಿಳಿತ ಹೀಟರಿಗೆ ನುಸುಳುತ್ತದೆ. 4700 ಮೈಕ್ರೋಫ್ಯಾರಡ್ ಇಟ್ಟರೆ ತಳ 15.2 ಆಗಿ ಹಗಲಿನಲ್ಲಿ ಎಲ್ಲವೂ ಸರಿಹೋಗುತ್ತದೆ. ಆದರೆ ಲೈನಿನ ವೋಲ್ಟೇಜು 230ರಿಂದ 207ಕ್ಕೆ, ಅಂದರೆ ಶೇಕಡಾ 10ರಷ್ಟು, ಇಳಿಯಿತೆನ್ನಿ. ಆಗ ತುದಿಯೇ 13.9ಕ್ಕೆ ಬರುತ್ತದೆ, ಯಾವ ಕೆಪಾಸಿಟರೂ ಅದನ್ನು ಮೇಲೆತ್ತಲಾರದು. ಊರಿನ ಲೈನಿನ ಟ್ರಾನ್ಸ್‌ಫಾರ್ಮರಿನಿಂದ ದೂರ, ತೋಟದ ನಡುವಿನ ಮನೆಗಳಲ್ಲಿ ಎಲ್ಲರೂ ದೀಪ, ಫ್ಯಾನು, ಪಂಪು ಹಾಕಿದ ಹೊತ್ತಿನಲ್ಲಿ ಪೆಡಲ್ ಗುಂಯ್‌ಗುಟ್ಟಲು ತೊಡಗಿ, ರಾತ್ರಿ ಎಲ್ಲರೂ ಮಲಗಿದ ಮೇಲೆ ಸುಮ್ಮನಾಗುವುದಕ್ಕೆ ಕಾರಣ ಇದೇ.

ಪರಿಹಾರ 15 ವೋಲ್ಟ್ ಎಸಿ ಟ್ರಾನ್ಸ್‌ಫಾರ್ಮರ್. ತುದಿ 19.8 ವೋಲ್ಟ್ ಸಿಗುತ್ತದೆ. ಲೈನು ಶೇಕಡಾ 10 ಇಳಿದರೂ 17.7 ಉಳಿಯುತ್ತದೆ. ಬೆಲೆಯಾಗಿ ರೆಗ್ಯುಲೇಟರಿನಲ್ಲಿ 1.1 ವ್ಯಾಟಿನಷ್ಟು ಶಾಖ ತೆರಬೇಕು, ಕೆಪಾಸಿಟರನ್ನು 35 ವೋಲ್ಟಿನದ್ದಾಗಿ ಆರಿಸಬೇಕು. ಹೊಸದಾಗಿ ಕಟ್ಟುವವರಿಗೆ ನಾನು ಸೂಚಿಸುವುದು ಇನ್ನೂ ಸರಳವಾದ ದಾರಿಯನ್ನು: 100ರಿಂದ 240 ವೋಲ್ಟಿನವರೆಗೆ ಒಪ್ಪುವ 12 ವೋಲ್ಟಿನ ನಿಯಂತ್ರಿತ ಎಸ್‌ಎಂಪಿಎಸ್ ಅಡಾಪ್ಟರ್. ಸಂಜೆಯ ಇಳಿತವಾಗಲಿ, ಜಾತ್ರೆಯ ಮೈದಾನದ ಜನರೇಟರಿನ ಏರುಪೇರಾಗಲಿ ಅದರ ಔಟ್‌ಪುಟ್ಟನ್ನು ಅಷ್ಟಾಗಿ ಅಲುಗಿಸುವುದಿಲ್ಲ.

ಹಳೆಯ ಅನಿಯಂತ್ರಿತ ಡಿಸಿ ಅಡಾಪ್ಟರುಗಳನ್ನು ನಂಬಬೇಡಿ. 12 ಎಂದು ಬರೆದದ್ದು ಭಾರವಿಲ್ಲದಾಗ 16 ವೋಲ್ಟಿಗೂ ಏರುತ್ತದೆ.

ಹಂತ 8: ಧ್ರುವ, ತಂತಿ, ಸಾಲು

ಪೆಡಲುಗಳಲ್ಲಿ ನಡುವಿನ ಪಿನ್ ಋಣವಾಗಿರುವುದು ರೂಢಿ. ಅಂಗಡಿಯಲ್ಲಿ ಸಿಗುವ ರೂಟರ್, ಕ್ಯಾಮೆರಾಗಳ 12 ವೋಲ್ಟಿನ ಅಡಾಪ್ಟರುಗಳಲ್ಲಿ ನಡುವಿನದು ಸಾಮಾನ್ಯವಾಗಿ ಧನ. ಚುಚ್ಚುವ ಮೊದಲು ಮೀಟರಿನಿಂದ ನೋಡಲೇಬೇಕು.

ತೆಳುವಾದ ತಂತಿಯೂ ವೋಲ್ಟೇಜು ತಿನ್ನುತ್ತದೆ. 0.2 ಚದರ ಮಿಲಿಮೀಟರಿನ ತಾಮ್ರದ ತಂತಿ 3 ಮೀಟರ್ ಉದ್ದವಿದ್ದರೆ, ಹೋಗಿಬರುವ 6 ಮೀಟರಿಗೆ ಅರ್ಧ ಓಮಿನಷ್ಟು ರೋಧವಿರುತ್ತದೆ. ಅರ್ಧ ಆಂಪಿಯರಿಗೆ ಕಾಲು ವೋಲ್ಟ್ ಅಲ್ಲೇ ಹೋಯಿತು. 12 ವೋಲ್ಟ್ 11.75 ಆದಾಗ ಹೀಟರಿನ ಕೆಳಮಿತಿಗೆ ಉಳಿಯುವ ಅಂತರ ಅರ್ಧ ವೋಲ್ಟಿಗಿಂತ ಕಡಿಮೆ.

ಒಂದೇ ಅಡಾಪ್ಟರಿನಿಂದ ಕವಲೊಡೆದ ತಂತಿಯಲ್ಲಿ ವಾಲ್ವ್ ಪೆಡಲನ್ನೂ ಬೇರೆ ಪೆಡಲುಗಳನ್ನೂ ನಡೆಸಬೇಡಿ. ವೋಲ್ಟೇಜಿನ ಪರಿವರ್ತಕ ಎಳೆಯುವ ತುಣುಕು ತುಣುಕಾದ ಕರೆಂಟು ಅದೇ ಗ್ರೌಂಡ್ ತಂತಿಯಲ್ಲಿ ಹರಿದು, ಉಳಿದ ಪೆಡಲುಗಳಲ್ಲಿ ಕೀಚಲು ದನಿಯಾಗಿ ಕೇಳಿಸುತ್ತದೆ. ವಾಲ್ವ್ ಪೆಡಲಿಗೆ ಅದರದ್ದೇ ಅಡಾಪ್ಟರ್ ಇರಲಿ.

ಹಂತ 9: ಅಳೆದು ಒಪ್ಪಿಸಿ

ಅಡಾಪ್ಟರಿನ ಋಣ ತಂತಿಯಲ್ಲಿ 1 ಓಮಿನ ರೆಸಿಸ್ಟರನ್ನು ಸರಣಿಯಾಗಿ ಇಟ್ಟು, ಅದರ ಎರಡು ತುದಿಗಳ ನಡುವೆ ಮಿಲಿವೋಲ್ಟ್ ಓದಿದರೆ ಅಷ್ಟೇ ಮಿಲಿಆಂಪಿಯರ್. ನಮ್ಮ ಉದಾಹರಣೆಯಲ್ಲಿ ಎರಡು ನಿಮಿಷ ಬಿಸಿಯಾದ ಮೇಲೆ 220ರಿಂದ 270ರ ನಡುವೆ ಬಂದರೆ ಲೆಕ್ಕ ಸರಿ. ಹೀಟರಿನ ಪಿನ್ನುಗಳಲ್ಲೇ ವೋಲ್ಟೇಜು ನೋಡಿ, ಅಡಾಪ್ಟರಿನ ತುದಿಯಲ್ಲಲ್ಲ. ಪ್ಲೇಟ್ ಕರೆಂಟು ತಿಳಿಯಲು ಪ್ಲೇಟನ್ನು ಮುಟ್ಟಬೇಕಾಗಿಲ್ಲ: ಕ್ಯಾಥೋಡ್ ರೆಸಿಸ್ಟರಿನ ಮೇಲೆ 1.5 ವೋಲ್ಟ್ ಇದ್ದು ರೆಸಿಸ್ಟರ್ 1.5 ಕಿಲೋಓಮ್ ಆಗಿದ್ದರೆ 1 ಮಿಲಿಆಂಪಿಯರ್. ಆಮೇಲೆ ಮುಚ್ಚಳ ಹಾಕಿ ಅರ್ಧ ಗಂಟೆ ನುಡಿಸಿ, ಮತ್ತೆ ಅಳೆಯಿರಿ. ಮುಚ್ಚಿದ ಪೆಟ್ಟಿಗೆಯಲ್ಲಿ ರೆಗ್ಯುಲೇಟರ್ ಬಳಲುತ್ತದೆಯೇ ಎಂಬುದು ಆಗಷ್ಟೇ ತಿಳಿಯುತ್ತದೆ.

ಎಚ್ಚರಿಕೆಯ ಗುರುತುಗಳು

ಗುಂಯ್‌ಗುಡುವ ಸ್ವರದ ಎತ್ತರವನ್ನು ಗಿಟಾರಿನಲ್ಲೇ ಪರೀಕ್ಷಿಸಬಹುದು. ದಪ್ಪ ತಂತಿಯ ಮೂರನೆಯ ಫ್ರೆಟ್ಟಿನ ಸ್ವರ 98 ಹರ್ಟ್ಸ್. ಗುಂಯ್ ಅದಕ್ಕೆ ಹೊಂದಿದರೆ ಅದು 100 ಹರ್ಟ್ಸಿನದು. ಕೆಪಾಸಿಟರ್ ಸಾಲದು ಅಥವಾ ರೆಗ್ಯುಲೇಟರಿಗೆ ವೋಲ್ಟೇಜು ಸಾಲದು. ಒಂದು ಸ್ಥಾಯಿ ಕೆಳಗಿದ್ದರೆ 50 ಹರ್ಟ್ಸ್. ಎಸಿ ಹೀಟರಿನ ತಂತಿ ಗ್ರಿಡ್ಡಿನ (ಗಿಟಾರಿನ ಸಂಕೇತ ವಾಲ್ವಿಗೆ ಸೇರುವ ಕಡೆಯ) ತಂತಿಗೆ ಹತ್ತಿರ ಹಾದಿದೆಯೇ ನೋಡಿ, ಇಲ್ಲವಾದರೆ ಗ್ರೌಂಡ್ ಎರಡು ದಾರಿಯಲ್ಲಿ ಸೇರಿಕೊಂಡಿದೆಯೇ ಹುಡುಕಿ.

ನುಡಿಸಲು ತೊಡಗಿ ಕಾಲು ಗಂಟೆಯ ಮೇಲೆ ನಾದ ಸೊರಗಿದರೆ ರೆಗ್ಯುಲೇಟರ್ ಅತಿಯಾಗಿ ಬಿಸಿಯಾಗಿ ತನ್ನನ್ನು ತಾನೇ ತಡೆದುಕೊಳ್ಳುತ್ತಿದೆ. ಹೀಟರ್ ಕಿತ್ತಳೆಯ ಬದಲು ಹಳದಿಯತ್ತ ತಿರುಗಿ ಹೊಳೆದರೆ ತಕ್ಷಣ ಆರಿಸಿ. ವಾಲ್ವಿನ ಒಳಗೆ ಪ್ಲೇಟೇ ಕೆಂಪಾದರೆ ಅಡಾಪ್ಟರಿನ ವಿಷಯವಲ್ಲ, ಬಯಾಸಿನ (ವಾಲ್ವ್ ಎಷ್ಟು ಕರೆಂಟು ಬಿಡಬೇಕೆಂದು ನಿಗದಿಮಾಡುವ ವೋಲ್ಟೇಜಿನ) ತಪ್ಪು. ವಾಲ್ವಿನ ಮೇಲ್ಭಾಗದ ಬೆಳ್ಳಿಬಣ್ಣದ ಲೇಪ ಬಿಳಿಯಾಗಿದ್ದರೆ ಒಳಗೆ ಗಾಳಿ ಸೇರಿದೆ. ಆ ವಾಲ್ವಿನಿಂದ ಯಾವ ಅಳತೆಯನ್ನೂ ಮಾಡಬೇಡಿ.

ಮಳೆಗಾಲದಲ್ಲಿ ಇನ್ನೆರಡು ಎಚ್ಚರಿಕೆ ಬೇಕು. ತೇವ ಹಿಡಿದ ಬೋರ್ಡಿನಲ್ಲಿ 250 ವೋಲ್ಟ್ ಬೆಸುಗೆಯ ಮೇಣದ (ಫ್ಲಕ್ಸಿನ) ಕಲೆಗಳ ಮೇಲೂ ಸೋರಬಲ್ಲದು. ಪೂರೈಕೆಯ ಕರೆಂಟು ಬೇಸಿಗೆಯಲ್ಲಿ ಅಳೆದುದಕ್ಕಿಂತ ಏರಿ, ಚಿಟಿಚಿಟಿ ಸದ್ದು ಕೇಳಿದರೆ ಬೋರ್ಡನ್ನು ಐಸೋಪ್ರೊಪೈಲ್ ಆಲ್ಕೋಹಾಲಿನಿಂದ ತೊಳೆದು ಒಣಗಿಸಿ. ತುಲಾ ಮಾಸದ ಗುಡುಗು ಸಿಡಿಲಿನ ಸಂಜೆಗಳಲ್ಲಿ ಸ್ವಿಚ್ ಆರಿಸಿದರೆ ಸಾಲದು, ಅಡಾಪ್ಟರನ್ನು ಸಾಕೆಟ್ಟಿನಿಂದ ಕಿತ್ತಿಡಬೇಕು.

ಎಲ್ಲವೂ ಒಪ್ಪಿದ ಮೇಲೆ ಪೆಡಲಿನ ತಳಕ್ಕೊಂದು ಚೀಟಿ ಅಂಟಿಸಿ: ಎಸಿಯೋ ಡಿಸಿಯೋ, ಎಷ್ಟು ವೋಲ್ಟ್, ನಡುವಿನ ಪಿನ್ ಯಾವುದು, ಅಳೆದ ಕರೆಂಟು ಎಷ್ಟು, ಕನಿಷ್ಠ ಎಷ್ಟು ಆಂಪಿಯರಿನ ಅಡಾಪ್ಟರ್ ಬೇಕು. ಅದೇ ಬಣ್ಣದ ಚೀಟಿ ಅಡಾಪ್ಟರಿನ ಮೇಲೂ ಇರಲಿ, ಏಕೆಂದರೆ ಕಾರ್ಯಕ್ರಮ ಮುಗಿದು ಕತ್ತಲಲ್ಲಿ ತಂತಿಗಳನ್ನು ಸುತ್ತಿ ಕಟ್ಟುವವರು ಸಾಮಾನ್ಯವಾಗಿ ಪೆಡಲನ್ನು ಕಟ್ಟಿದವರಾಗಿರುವುದಿಲ್ಲ.